ಒಂಬತ್ತನೇ ಪ್ರಶ್ನೆ

ನನಗೆ ಅರವತ್ತೊಂಬತ್ತು. ಎಡ ಮಂಡಿ ಕೈಕೊಟ್ಟು ನಾಲ್ಕು ವರ್ಷವಾಯಿತು. ಆದರೂ ತಿಂಗಳಿಗೆರಡು ಸಲ ನಾನು ಇಪ್ಪತ್ತಾರರ ಶೆಲ್ಬಿ ಆಗುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಇದು ನನ್ನ ಕೆಲಸ.

ಕೆಂಟಕಿಯ ನಮ್ಮ ಬೆಟ್ಟದ ಕಡೆ, ನೋವಿನ ಮಾತ್ರೆಯಿಂದ ಶುರುಮಾಡಿ ಹೆರಾಯಿನ್‌ವರೆಗೆ ಹೋದವರು ಒಬ್ಬರೂ ಇಲ್ಲದ ಮನೆ ಕಡಿಮೆ. ಅಂಥವರನ್ನು ಹೇಗೆ ಮಾತಾಡಿಸಬೇಕು, ಯಾವ ಔಷಧಿ ಕೊಡಬೇಕು, ಯಾಕೆ ನಡುವೆ ನಿಲ್ಲಿಸಬಾರದು ಎಂದು ಡಾಕ್ಟರುಗಳಿಗೆ, ನರ್ಸುಗಳಿಗೆ, ಕೋರ್ಟಿನವರಿಗೆ ತರಬೇತಿ ನಡೆಯುತ್ತದೆ. ಬೆಳಗ್ಗೆ ಪಾಠ. ಮಧ್ಯಾಹ್ನದ ಮೇಲೆ ನನ್ನಂಥ ಸುಳ್ಳು ರೋಗಿಯ ಎದುರು ಕೂತು ಮಾತಾಡಿ ತೋರಿಸಬೇಕು. ನನ್ನ ಶೆಲ್ಬಿ ಏಳು ತಿಂಗಳಿಂದ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಔಷಧಿಯಲ್ಲಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ, ಒಂದೇ ಒಂದು ಭೇಟಿ ತಪ್ಪಿಸಿದ್ದಾಳೆ. ಮಾತು ಮುಗಿದ ಮೇಲೆ ನಾನು ಒಂಬತ್ತು ಪ್ರಶ್ನೆಯ ಹಾಳೆ ತುಂಬಬೇಕು. ಮುಖ ನೋಡಿ ಮಾತಾಡಿದರೇ, ಗದರಿದರೇ, ಹೀಗೆ. ಕೊನೆಯದು: ಈ ರೋಗಿ ಮುಂದಿನ ಭೇಟಿಗೆ ಬರುತ್ತಿದ್ದಳೇ? ಅದಕ್ಕೆ ನಾನು ಹೌದು ಅಂದದ್ದೇ ಇಲ್ಲ. ನನ್ನ ಕೈ ಬಲು ಬಿಗಿ ಎಂದು ತರಬೇತಿ ಕೊಡುವ ಮೇರಿಬೆತ್ ಛೇಡಿಸುತ್ತಾಳೆ.

ಯಾಕೆ ಹೋಗುತ್ತೀಯ ಎಂದು ಕೇಳಿದರೆ, ಮನೆಯಲ್ಲಿ ನನ್ನ ಜೊತೆ ಸದ್ದು ಮಾಡುವುದು ಫ್ರಿಜ್ಜು ಒಂದೇ. ಶೆಲ್ಬಿಯಾದರೆ ನಾಲ್ಕು ಜನ ಎದುರು ಕೂತು, ನಿದ್ದೆ ಬರ್ತಿದೆಯಾ, ಊಟ ಮಾಡಿದೆಯಾ ಎಂದು ವಿಚಾರಿಸುತ್ತಾರೆ. ಕೇಳುವುದು ಶೆಲ್ಬಿಯನ್ನು, ಹಿತವಾಗುವುದು ನನಗೆ.

ಹೋದ ಗುರುವಾರ ಚರ್ಚಿನ ನೆಲಮಾಳಿಗೆಯ ಹಾಲಿಗೆ ಕಾಲಿಟ್ಟರೆ ಎರಡನೇ ಸಾಲಿನಲ್ಲಿ ಡರಲ್ ನೇಪಿಯರ್ ಕೂತಿದ್ದ.

ಡರಲ್ ಪ್ರೊಬೇಷನ್ ಅಧಿಕಾರಿ. ಜೈಲಿಗೆ ಹಾಕದೆ ಹೊರಗೆ ಬಿಟ್ಟವರ ಮೇಲೆ ಕಣ್ಣಿಡುವುದು ಅವನ ಕೆಲಸ. ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಅವನೂ ನನ್ನ ಬಸ್ಸಿನಲ್ಲೇ ಬೆಳೆದವನು. ನನ್ನ ಮಗಳು ಟ್ರೆಸಾಳಿಗಿಂತ ಎರಡು ಕ್ಲಾಸು ಮುಂದೆ. ಆರು ವರ್ಷದ ಹಿಂದೆ ಹೆರಾಯಿನ್ ಕೇಸಿನಲ್ಲಿ ಟ್ರೆಸಾ ಅವನ ಕಣ್ಗಾವಲಿಗೆ ಬಂದಳು. ಅವಳದೂ ಶೆಲ್ಬಿಯ ಔಷಧಿಯೇ. ಮುಖಕ್ಕೆ ಕಳೆ ಬಂದಿತ್ತು.

"ಒಂದು ಚಟ ಬಿಟ್ಟು ಇನ್ನೊಂದು ಹಿಡ್ಕೊಂಡಿದೀಯ, ಅಷ್ಟೇ," ಎಂದಿದ್ದ ಡರಲ್. "ಮೂವತ್ತು ದಿನದಲ್ಲಿ ಅದನ್ನೂ ಬಿಡು. ಇಲ್ದಿದ್ರೆ ಜೈಲು."

ಬಿಟ್ಟಳು. ಹತ್ತೊಂಬತ್ತನೇ ದಿನ ತಡೆಯಲಾರದೆ ಹಳೆಯದನ್ನೇ ಹಳೆಯ ಅಳತೆಯಲ್ಲಿ ತೆಗೆದುಕೊಂಡಳು. ಆ ಅಳತೆ ತಾಳುವ ಶಕ್ತಿ ಅಷ್ಟರಲ್ಲಿ ಮೈಗೆ ಉಳಿದಿರಲಿಲ್ಲ. ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಉಸಿರಿಲ್ಲದೆ ಸಿಕ್ಕಳು.

ಅಲ್ಲಿಂದೀಚೆಗೆ ಅಂಗಡಿಯಲ್ಲಿ ಡರಲ್ ಎದುರಾದರೆ ನಾನೊಂದು ಸಾಲು, ಅವನೊಂದು ಸಾಲು. ಇವತ್ತು ಬಿಡುವುದಿಲ್ಲ, ಇಷ್ಟು ಜನರ ಮುಂದೆ ಟ್ರೆಸಾಳ ಹೆಸರು ಹಿಡಿದು ಕೇಳಿ ಇವನ ನೀರಿಳಿಸುತ್ತೇನೆ ಎಂದು ಕಾಫಿ ಕುಡಿಯುವಾಗಲೇ ನಿಶ್ಚಯಿಸಿದೆ. ಯಾರಿಗೆ ಯಾವ ರೋಗಿ ಎಂದು ಮೇರಿಬೆತ್ ಚೀಟಿ ಎತ್ತಿಸಿದಳು. ಡರಲ್‌ಗೆ ಬಂದದ್ದು ನನ್ನ ಚೀಟಿ. ಅವನ ಮುಖ ಬಿಳಿಚಿತು.

ಊಟದ ಹೊತ್ತಿಗೆ ಸ್ಯಾಂಡ್‌ವಿಚ್ ಮೇಜಿನ ಹತ್ತಿರ ಅವನೇ ಬಂದ.

"ಮಿಸ್ ಓಲೀಟಾ, ಬೇರೆ ಯಾರ ಜೊತೆಗಾದ್ರೂ ಚೀಟಿ ಬದಲಾಯಿಸ್ಕೊಳ್ಲಾ?"

"ಯಾಕಪ್ಪಾ? ಬಸ್ಸಲ್ಲಿ ಕಿಟಕಿ ಸೀಟಿಗೆ ಹೊಡೆದಾಡ್ತಿದ್ದೋನು, ಈಗ ಸೀಟೇ ಬೇಡ್ವಾ?"

ಅವನು ನಗಲಿಲ್ಲ. ಬ್ರೆಡ್ಡಿನ ಅಂಚು ಚಿವುಟುತ್ತ ನಿಂತ.

"ಬೆಳಗ್ಗೆಯಿಂದ ಇವ್ರು ಹೇಳಿದ್ದು ಕೇಳಿ ತಲೆ ಕೆಟ್ಟುಹೋಗಿದೆ. ಸೋಮವಾರ ನನ್ನ ಹತ್ರ ಒಬ್ಳು ಹುಡುಗಿ ಬರ್ತಾಳೆ. ಅದೇ ಔಷಧಿ. ನಿಲ್ಲಿಸ್ಬೇಕು ಅಂತ ಕಾಗದ ರೆಡಿ ಮಾಡಿದೀನಿ, ಫೈಲಲ್ಲೇ ಇದೆ. ಸಹಿ ಒಂದು ಬಾಕಿ."

"ಹರಿದುಹಾಕು."

"ಹರಿದ್ರೆ ಇಷ್ಟು ವರ್ಷ ಮಾಡಿದ್ದೆಲ್ಲ ತಪ್ಪು ಅಂತ ಒಪ್ಕೊಂಡ ಹಾಗಾಗುತ್ತಲ್ಲ."

ಅರ್ಧ ತಿಂದ ಸ್ಯಾಂಡ್‌ವಿಚ್ ಅನ್ನು ನಾನು ಮೇಜಿನ ಮೇಲಿಟ್ಟೆ.

ಎರಡು ಗಂಟೆಗೆ ನಮ್ಮ ಸರದಿ. ಎದುರುಬದುರು ಎರಡು ಕುರ್ಚಿ, ಸುತ್ತ ಎಲ್ಲರೂ. ಡರಲ್ ಗಂಟಲು ಸರಿಮಾಡಿಕೊಂಡ.

"ಶೆಲ್ಬಿ, ಆ ಔಷಧಿ ಇನ್ನೆಷ್ಟು ದಿನ ಅಂತ ತಗೋತೀಯ? ಒಂದು ಚಟ ಬಿಟ್ಟು..."

ಅಲ್ಲಿಗೇ ಮಾತು ನಿಲ್ಲಿಸಿಬಿಟ್ಟ. ಟ್ರೆಸಾಳಿಗೆ ಹೇಳಿದ್ದ ಅದೇ ಮಾತು ಅವನಿಗೂ ಕೇಳಿಸಿರಬೇಕು. ಟ್ರೆಸಾಳ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಆದರೆ ನಿಜ ಹೇಳಿಬಿಡುತ್ತೇನೆ. ಅವತ್ತು ಅವನ ಆಫೀಸಿನಲ್ಲಿ ಟ್ರೆಸಾಳ ಪಕ್ಕದ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದೆ. ಮನೆಗೆ ಬಂದು ಉಳಿದ ಔಷಧಿಯನ್ನು ಕಮೋಡಿಗೆ ಹಾಕಿ ನೀರು ಬಿಟ್ಟವಳು ನಾನು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇದನ್ನು ನಾನು ಯಾರಿಗೂ ಹೇಳಿಲ್ಲ, ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ.

ಇನ್ನೊಂದೂ ಗೊತ್ತಿತ್ತು ನನಗೆ. ಬಸ್ಸಿನಲ್ಲಿ ಎಲ್ಲರ ಮುಂದೆ ಬೈದರೆ ಡರಲ್ ಹಟ ಹಿಡಿಯುತ್ತಿದ್ದ, ಏನು ಮಾಡಿದರೂ ಜಗ್ಗುತ್ತಿರಲಿಲ್ಲ. ಈಗ ಇವನ ನೀರಿಳಿಸಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ, ಸೋಮವಾರ ಇವನು ಹಟಕ್ಕೆ ಬಿದ್ದು ಸಹಿ ಹಾಕುತ್ತಾನೆ. ಆ ಹುಡುಗಿ ಯಾರೋ, ಅವಳಿಗೆ ತಾಯಿ ಇದ್ದಾಳೋ ಇಲ್ಲವೋ.

"ಮೊದಲಿಂದ ಹೇಳು," ಎಂದೆ ಮೆಲ್ಲಗೆ. "ಅವಸರ ಇಲ್ಲ. ನಾನೇನು ಎದ್ದು ಹೋಗಲ್ಲ."

ಅವನು ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ನನ್ನ ಮುಖ ನೋಡಿದ. ಆರು ವರ್ಷದಲ್ಲಿ ಅದೇ ಮೊದಲು.

"ಹೋದ ವಾರ ಬರ್ಲಿಲ್ಲ ನೀನು. ಏನಾಯ್ತು?"

"ಕಾರು ಕೆಟ್ಟಿತ್ತು. ಆಮೇಲೆ ಬಂದ್ರೆ ಜೈಲಿಗೆ ಹಾಕ್ತೀರೇನೋ ಅಂತ ಭಯ ಆಯ್ತು."

"ಹಾಕಲ್ಲ. ಔಷಧಿ ನಿಂಗೆ ಒಗ್ಗಿದೆ. ಅದು ನೀನೂ ನಿನ್ನ ಡಾಕ್ಟರೂ ಮಾತಾಡ್ಕೊಳ್ಳೋ ವಿಷಯ, ನಾನು ಮಧ್ಯೆ ಬರಲ್ಲ. ನೀನು ಬದುಕಿದ್ರೆ ಸಾಕು ನಂಗೆ." ಅವನ ದನಿ ಒಡೆಯಿತು. "ಮುಂದಿನ ಗುರುವಾರ ಬರ್ತೀಯಲ್ವಾ?"

ಗೋಡೆಯ ಗಡಿಯಾರ ನೋಡಿದೆ. ಒಂದು ನಿಮಿಷವೂ ಆಗಿರಲಿಲ್ಲ. ಅಯ್ಯೋ ದೇವರೇ, ಇಷ್ಟೇನಾ? ಅವತ್ತು ಇಷ್ಟು ಹೇಳಿದ್ದರೆ ಸಾಕಾಗಿತ್ತಾ?

ಶೆಲ್ಬಿ ಇಲ್ಲಿ "ನೋಡ್ತೀನಿ" ಎನ್ನಬೇಕು, ನನಗೆ ಕೊಟ್ಟ ಕಾಗದದಲ್ಲಿ ಹಾಗೆಯೇ ಇದೆ. ನನ್ನ ಬಾಯಲ್ಲಿ ಬಂದದ್ದೇ ಬೇರೆ.

"ಬರ್ತೀನಿ, ಡರಲ್. ಅಮ್ಮ ಕರ್ಕೊಂಡು ಬರ್ತಾಳೆ."

ಡರಲ್ ತಲೆ ತಗ್ಗಿಸಿದ. ಜನ ಚಪ್ಪಾಳೆ ತಟ್ಟಿದರು. ಎಷ್ಟು ಚೆನ್ನಾಗಿ ಪಾತ್ರ ಮಾಡಿದರು ಎಂದು ಯಾರೋ ನರ್ಸು ಪಕ್ಕದವಳಿಗೆ ಹೇಳುತ್ತಿದ್ದಳು.

ನಾಲ್ಕಕ್ಕೆ ಎಲ್ಲ ಮುಗಿಯಿತು. ಹೊರಡುವಾಗ ಡರಲ್ ಫೈಲಿನಿಂದ ಒಂದು ಕಾಗದ ತೆಗೆದು, ಎರಡಾಗಿ ಹರಿದು, ಕಾಫಿ ಲೋಟಗಳಿದ್ದ ಕಸದ ಡಬ್ಬಿಗೆ ಹಾಕಿದ. ನನ್ನ ಕಡೆ ನೋಡಲಿಲ್ಲ. ನಾನೂ ಕರೆಯಲಿಲ್ಲ. ಅವನ ಕಾರು ಹೋದ ಸದ್ದಾಯಿತು. ಮೇರಿಬೆತ್ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದಳು, ನಾನು ಕೂತದ್ದೊಂದನ್ನು ಬಿಟ್ಟು.

"ಓಲೀಟಾ, ಹಾಳೆ ಆಯ್ತಾ? ಬಾಗಿಲು ಹಾಕ್ಬೇಕು ನಾನು."

"ಒಂದು ನಿಮಿಷ ತಡ್ಕೊಳ್ಳೇ."

ಎಂಟು ಪ್ರಶ್ನೆಗೆ ಬೇಗ ಬೇಗ ಗುರುತು ಹಾಕಿದೆ. ಒಂಬತ್ತನೆಯದರ ಮುಂದೆ ಪೆನ್ನು ನಿಂತಿತು. ಹೌದು, ಇಲ್ಲ, ಎರಡೇ ಚೌಕ ಇರುವುದು. ಹೌದು ಎಂಬುದಕ್ಕೆ ಗುರುತು ಹಾಕಿದೆ. ಸಾಲದೆನಿಸಿ ಪಕ್ಕದ ಖಾಲಿ ಜಾಗದಲ್ಲಿ ಬರೆದೆ: ಬರುತ್ತಿದ್ದಳು.