ಆರುನೂರ ನಲವತ್ತು ಅಡಿಯ ಬಾವಿ

ನಗರದ ಉದ್ಯಾನ ಮತ್ತು ಸ್ಮಾರಕಗಳ ಕಚೇರಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಟೈಪಿಸ್ಟ್. ಹುಲ್ಲಿನ ಮೇಲೆ ನಡೆಯಬಾರದು ಎಂಬುದರಿಂದ ಹಿಡಿದು ಹಳೆಯ ಅರಮನೆಯನ್ನು ಯಾರು ಯಾವಾಗ ಕಟ್ಟಿಸಿದರು ಎಂಬುದರವರೆಗೆ, ಊರಿನ ಫಲಕಗಳ ಬರಹವೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಆದರೆ ಆ ಜಾಗಗಳಲ್ಲಿ ಅವಳು ಕಣ್ಣಾರೆ ಕಂಡದ್ದು ಒಂದೇ ಒಂದು ಉದ್ಯಾನ, ಅದೂ ಬಸ್ಸಿಗೆ ಕಾಯುತ್ತ, ಬೇಲಿಯ ಹೊರಗಿನಿಂದ. ಕಚೇರಿಯ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ನೀರಿನ ಪೈಪು.

ಮಾವ ಅವಳ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಸರ್ವೇಯರ್ ಆಗಿ ನಿವೃತ್ತರಾದವರು. ಬಂದ ವಾರದಲ್ಲೇ ಅಡುಗೆಮನೆಯ ಕಟ್ಟೆ ಒಂದು ಕಡೆ ಅರ್ಧ ಇಂಚು ತಗ್ಗಿದೆ ಎಂದು ಕಂಡುಹಿಡಿದು, ಅಲ್ಲಿಯವರೆಗೆ ಅವಳಿಗೆ ಇಲ್ಲದ ಚಿಂತೆಯೊಂದನ್ನು ತಂದಿಟ್ಟಿದ್ದರು. ಸೊಸೆಗೂ ಮಾವನಿಗೂ ಜಗಳವೇನಿಲ್ಲ, ಹಾಗೆಂದು ಮಾತುಕತೆಯೂ ಅಷ್ಟಕ್ಕಷ್ಟೆ. ಗಂಡನಿಗೆ ಭಾನುವಾರವೂ ಕೆಲಸವಿದ್ದ ಒಂದು ವಾರ, ಮಾವ ಬೆಳಗಿನಿಂದ ಮೂರನೇ ಸಲ ಗೋಡೆ ಗಡಿಯಾರವನ್ನು ಸರಿಪಡಿಸುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಮಾವ, ಇಡೀ ದಿನ ಓಡಾಡೋ ಬಸ್ ಪಾಸ್ ಸಿಗುತ್ತೆ. ಊರು ನೋಡ್ಕೊಂಡು ಬರೋಣ್ವಾ?"

ಮಾವ ಐದೇ ನಿಮಿಷದಲ್ಲಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು.

ಮೊದಲು ಕೆರೆಯ ಪಕ್ಕದ ಉದ್ಯಾನಕ್ಕೆ ಹೋದರು. ಆಮೇಲೆ ಅರಮನೆ. ಮಾವ ಒಂದು ಫಲಕವನ್ನೂ ಬಿಡದೆ ಗಟ್ಟಿಯಾಗಿ ಓದುತ್ತ, ಕಂಬಗಳನ್ನು ಎಣಿಸಿ ತಾಳೆ ನೋಡುತ್ತ ನಡೆದರು. "ನಲವತ್ತೆರಡು ಕಂಬ. ಸರಿಯಾಗಿದೆ. ಬರೆದೋರು ಕೆಲಸ ಗೊತ್ತಿರೋರು," ಎಂದರು. ಬರೆದವಳು ತಾನು ಎಂದು ಹೇಳಲು ಅವಳಿಗೆ ನಾಚಿಕೆ. ಒಳಗೊಳಗೇ ಹಿಗ್ಗಿದಳು.

ಮೂರನೆಯದು ಊರಾಚೆಯ ಗುಡ್ಡದ ಮೇಲಿನ ಕೋಟೆ. ಬಾಗಿಲು ದಾಟಿದರೆ ಅಂಗಳದ ನಡುವೆ ದೊಡ್ಡ ಬಾವಿ, ಸುತ್ತ ಕಂಬಿ, ಪಕ್ಕದಲ್ಲಿ ಫಲಕ. ಅಲ್ಲಿ ಹತ್ತಿಪ್ಪತ್ತು ಜನ ಗುಂಪುಗೂಡಿದ್ದರು. ಬಿಳಿ ಟೋಪಿಯ ಗೈಡ್ ಒಬ್ಬ ದನಿ ತಗ್ಗಿಸಿ ಹೇಳುತ್ತಿದ್ದ:

"ಆರುನೂರ ನಲವತ್ತು ಅಡಿ ಸ್ವಾಮಿ. ಇದರ ತಳ ಕಂಡೋರು ಇಲ್ಲ. ಆರು ಹಗ್ಗ ಗಂಟುಹಾಕಿ ಇಳಿಬಿಟ್ರೂ ಸಾಲಲಿಲ್ವಂತೆ."

ಮಾವ ಕಂಬಿಗೆ ಒರಗಿ ಒಳಗೆ ಇಣುಕಿದರು. ಕಾಲಡಿಯ ಒಂದು ಹರಳು ಹೆಕ್ಕಿ, ಇವಳು ಬೇಡ ಎನ್ನುವುದರೊಳಗೆ ಕೆಳಗೆ ಬಿಟ್ಟರು. ಎರಡು ಎಣಿಸುವಷ್ಟರಲ್ಲಿ ಗುಳುಂ ಎಂಬ ಸದ್ದು ಮೇಲಕ್ಕೆ ಬಂತು.

"ಎರಡು ಸೆಕೆಂಡೂ ಆಗ್ಲಿಲ್ಲ," ಎಂದರು ಮಾವ. "ನೀನು ಹೇಳೋ ಲೆಕ್ಕಕ್ಕೆ ಆರಾದ್ರೂ ಎಣಿಸಬೇಕಿತ್ತಪ್ಪ. ಇದು ಅರವತ್ತು ಅಡಿ ಚಿಲ್ಲರೆ."

"ನಾನು ಹೇಳಿದ್ದಲ್ಲ ಯಜಮಾನ್ರೇ. ಸರ್ಕಾರದ ಬೋರ್ಡೇ ಹೇಳ್ತಿದೆ, ನೋಡಿ."

ಜನ ನಕ್ಕರು. ಅವಳು ಫಲಕದ ಹತ್ತಿರ ಹೋಗಿ ನೋಡಿದಳು. 'ಆಳ: ೬೪೦ ಅಡಿ.' ಕಡತದ ಆ ಹಾಳೆ ಕಣ್ಣೆದುರು ಬಂದಂತಾಯಿತು. ಅದರಲ್ಲಿ ಅರವತ್ತನಾಲ್ಕು ಎಂದು ಅಕ್ಷರದಲ್ಲಿ ಬರೆದಿತ್ತು, ಅದನ್ನು ಅಂಕಿಗೆ ತಿರುಗಿಸಿದವಳು ಇವಳೇ. ಆ ಸೊನ್ನೆ ಎಲ್ಲಿಂದ ಬಂತೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. 

ಗುಂಪು ಮುಂದಕ್ಕೆ ಹೋದಮೇಲೂ ಮಾವ ಅಲ್ಲೇ ನಿಂತು ಗೊಣಗುತ್ತಿದ್ದರು. "ಯಾವ ತಲೆಹೋಕ ಬರೆದನೋ ಇದನ್ನ."

"ನಾನೇ ಬರೆದದ್ದು, ಮಾವ."

ಅವರು ತಿರುಗಿ ನೋಡಿದರು. ಅವಳು ಎಲ್ಲವನ್ನೂ ಹೇಳಿದಳು. ಅರಮನೆಯ ಫಲಕವೂ ತನ್ನದೇ, ಎಂಟು ವರ್ಷದಿಂದ ಈ ತಪ್ಪು ಇಲ್ಲಿ ನಿಂತಿದೆ, ನಾಳೆ ಸಾಹೇಬರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು. ಮಾವ ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. ಕಂಬಿ ಸವರುತ್ತ, "ಪಾಸ್ ಎಷ್ಟು ಗಂಟೆವರೆಗೆ ನಡೆಯುತ್ತೆ?" ಎಂದು ಕೇಳಿದರು.

"ಎಂಟರವರೆಗೆ."

"ಹಾಗಾದ್ರೆ ಬಾ. ಇನ್ನೊಂದು ಜಾಗ ಇದೆ."

ಎರಡು ಬಸ್ಸು ಬದಲಾಯಿಸಿದರು. ಮಾವ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಹಳೆಯ ಗೋದಾಮುಗಳ ಬೀದಿ ಹತ್ತಿರವಾದಾಗ ಬಾಯಿಬಿಟ್ಟರು.

"ಈ ರಸ್ತೆ ನೇರ ಹೋಗಬೇಕಿತ್ತಮ್ಮ. ಅಳತೆ ಮಾಡಿದ್ದು ನಾನು. ಆಗ ಇಪ್ಪತ್ತಾರು ವಯಸ್ಸು. ಅಳತೆ ಸರಪಳಿ ಎಷ್ಟು ಸಲ ಎಳೆದ್ವಿ ಅಂತ ಎಣಿಸೋವಾಗ ಒಂದು ಸಲದ್ದು ಬಿಟ್ಟುಹೋಯ್ತು. ಆ ತಪ್ಪು ನಕ್ಷೆ ನೋಡ್ಕೊಂಡು ಪಕ್ಕದ ಜಾಗದೋರು ಗೋದಾಮು ಕಟ್ಟಿಬಿಟ್ರು. ರಸ್ತೆ ಬರೋ ಹೊತ್ತಿಗೆ ಅದು ಅಡ್ಡ ನಿಂತಿತ್ತು, ಬಳಸ್ಕೊಂಡು ಹೋಗಬೇಕಾಯ್ತು. ಮಧ್ಯೆ ಒಂದು ಮೂರುಮೂಲೆ ಜಾಗ ಯಾರಿಗೂ ಬೇಡವಾಗಿ ಉಳೀತು. ಕಸದ ಗುಡ್ಡೆ. ನಾನು ಈ ಕಡೆ ತಲೆಹಾಕಿ ಮೂವತ್ತು ವರ್ಷ ಆಯ್ತು."

"ಯಾರಿಗೂ ಹೇಳ್ಲಿಲ್ವಾ?"

"ನಿಮ್ಮತ್ತೆಗೂ ಹೇಳ್ಲಿಲ್ಲ."

ಬಸ್ಸು ಎಡಕ್ಕೆ ವಾಲಿ ತಿರುವು ತೆಗೆದುಕೊಂಡಿತು. ಇಳಿದ ಮಾವ ಅತ್ತಿತ್ತ ನೋಡಿ ಕಕ್ಕಾಬಿಕ್ಕಿಯಾದರು. ಕಸದ ಗುಡ್ಡೆಯ ಸುಳಿವೂ ಇರಲಿಲ್ಲ. ಮೂರು ಮೂಲೆಗೂ ಮರ, ನಡುವೆ ಹುಲ್ಲು, ನಾಲ್ಕು ಬೆಂಚು, ಮಕ್ಕಳಿಗೊಂದು ಜಾರುಬಂಡೆ. ಗೋದಾಮಿನ ಕೆಲಸ ಮುಗಿಸಿದ ಹೆಂಗಸರಿಬ್ಬರು ಬೆಂಚಿನ ಮೇಲೆ ಕಾಲು ನೀಡಿ ಕುಳಿತು ಲೋಕಾಭಿರಾಮ ಮಾತಾಡುತ್ತಿದ್ದರು.

"ಆರು ವರ್ಷ ಆಯ್ತು, ಮಾವ, ಪಾರ್ಕು ಮಾಡಿ," ಎಂದಳು ಅವಳು. "ಕಾಗದಪತ್ರ ನಮ್ಮ ಕಚೇರೀಲೇ ಆದದ್ದು. ಇದು ನಿಮ್ಮ ಜಾಗ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಮಾವ ಬೇಲಿಯ ಅಂಚಿನಲ್ಲೇ ಹೆಜ್ಜೆ ಎಣಿಸುತ್ತ ಒಂದು ಸುತ್ತು ಹಾಕಿ ಬಂದರು. ಮೂರನೆಯ ಮೂಲೆಯಲ್ಲಿ ಕೆಲಹೊತ್ತು ನಿಂತೇ ಇದ್ದರು. ಅವಳು ನೋಡದವಳಂತೆ ಟೀ ತರಲು ಎದುರಿನ ಅಂಗಡಿಗೆ ಹೋದಳು. ಮರಳುವ ಹೊತ್ತಿಗೆ ಅವರು ಬೆಂಚಿನ ಮೇಲೆ ಕುಳಿತು ಆ ಹೆಂಗಸರಿಗೆ ರಸ್ತೆ ಏಕೆ ಬಾಗಿದೆ ಎಂದು ವಿವರಿಸುತ್ತಿದ್ದರು.

"ಹಾಗಾದ್ರೆ ಒಳ್ಳೇದೇ ಆಯ್ತು ಬಿಡಿ ಅಣ್ಣ," ಎಂದಳು ಒಬ್ಬಳು. "ಇಲ್ದಿದ್ರೆ ನಾವು ಎಲ್ಲಿ ಕೂರ್ತಿದ್ವಿ?"

"ಒಳ್ಳೇದಾಯ್ತು ಅಂತ ತಪ್ಪು ಸರಿಯಾಗೋದಿಲ್ಲಮ್ಮ," ಎಂದರು ಮಾವ. ಆದರೂ ಮುಖ ಹಗುರಾಗಿತ್ತು.

ಸೋಮವಾರ ಅವಳು ಬೇರೆ ಯಾವ ಕೆಲಸಕ್ಕೂ ಕೈಹಾಕದೆ ಒಂದು ಟಿಪ್ಪಣಿ ಟೈಪ್ ಮಾಡಿದಳು. 'ಈ ತಪ್ಪು ನನ್ನದು' ಎಂದು ಕೊನೆಯ ಸಾಲು ಸೇರಿಸಿ ಸಾಹೇಬರ ಮುಂದೆ ಇಟ್ಟಳು.

"ಎಂಟು ವರ್ಷದಿಂದ ಒಬ್ಬರೂ ಕೇಳಿಲ್ವಲ್ರೀ," ಎಂದರು ಸಾಹೇಬರು.

"ನಿನ್ನೆ ನಮ್ಮ ಮಾವ ಕೇಳಿದ್ರು, ಸಾರ್."

ಸಾಹೇಬರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಕೊನೆಯ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು.

ಹೊಸ ಫಲಕ ಹೋಗುವ ಮೊದಲೇ ಗೈಡನಿಗೆ ವಿಷಯ ತಿಳಿಸಬೇಕೆಂದು ಅವಳು ಕೋಟೆಯ ಟಿಕೆಟ್ ಕೌಂಟರಿಗೆ ಫೋನ್ ಮಾಡಿ ಅವನನ್ನು ಕರೆಸಿದಳು.

"ಐನೂರ ಎಪ್ಪತ್ತಾರು ಅಡಿ ಒಂದೇ ದಿನಕ್ಕೆ ಕಿತ್ಕೊಂಡ್ರಿ, ಮೇಡಂ," ಎಂದ ಅವನು. "ಇನ್ನು ಜನಕ್ಕೆ ನಾನೇನು ಹೇಳ್ಲಿ?"

ಅವಳು ಕಡತ ತೆರೆದು ಓದಿದಳು. ಕೋಟೆಗೆ ಮುತ್ತಿಗೆ ಬಿದ್ದಾಗ ಕೆಳಗಿನ ಊರಿನ ಎರಡು ಸಾವಿರ ಜನ ಒಳಗೆ ಬಂದು ಸೇರಿದ್ದರು, ನಾಲ್ಕು ತಿಂಗಳು ಈ ಒಂದೇ ಬಾವಿಯ ನೀರು ಕುಡಿದು ಬದುಕಿದ್ದರು. ಹಳೆಯ ಫಲಕದಲ್ಲಿ ಜಾಗ ಸಾಲದೆ ಆ ಭಾಗವನ್ನು ಬಿಡಲಾಗಿತ್ತು.

ಆ ಕಡೆ ಅವನು ಕೌಂಟರಿನವರ ಹತ್ತಿರ ಪೆನ್ನು ಕೇಳಿದ್ದು ಕಿವಿಗೆ ಬಿತ್ತು.

"ಇನ್ನೊಂದು ಸಲ ಓದಿ, ಮೇಡಂ," ಎಂದ. "ನಿಧಾನಕ್ಕೆ. ಬರ್ಕೊಳ್ತೀನಿ."