ಬೋಲ್ಟ್ ಬಿಚ್ಚದ ಗಾಡಿ

"ಮೂವತ್ತ ವರ್ಷದ ಗಾಡಿ ಸಂಭಾ. ಇದರ ಫೋರ್‌ವೀಲ್ ಡಬ್ಬಿದು ಒಂದ ಬೋಲ್ಟ್ ಸೈತ ಇನ್ನೂ ಬಿಚ್ಚಿಲ್ಲ. ಕಂಪನಿಯವ್ರು ಹ್ಯಾಂಗ ಮುಚ್ಚಿದ್ರೋ ಹಂಗ ಐತಿ," ಎಂದು ನಾಗನಾಥ ಮಾಲಕ ಜೀಪಿನ ಬಾನೆಟ್ಟಿನ ಮೇಲೆ ಕೈಯಾಡಿಸಿದ, ಮೊಮ್ಮಗನ ತಲೆ ಸವರಿದ ಹಾಗೆ.

ಮುಚ್ಚಂಡಿಯ ಬಸ್ ಸ್ಟ್ಯಾಂಡಿನ ಎದುರು ನನ್ನ ಗ್ಯಾರೇಜು. ಹಳೆ ಗಾಡಿ ಇಟ್ಟುಕೊಂಡವರೆಲ್ಲ ಇದೇ ಜಂಬ ಕೊಚ್ಚುತ್ತಾರೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಮಾತು. ಆದರೆ ಅಂದು ನಾನು ನಟ್ಟು ಬಿಗಿಯುತ್ತಿದ್ದ ಪಾನಾ ಅಲ್ಲೇ ನಿಂತಿತು.

ಮಾಲಕ ದರಿಬಡಚಿಯವನು, ದೊಡ್ಡ ದ್ರಾಕ್ಷಿ ತೋಟದ ಧಣಿ. ಅರವತ್ತು ತುಂಬಿದ ಹುಮ್ಮಸ್ಸಿಗೆ ಹೆಂಡತಿ ಇಂದ್ರಾಬಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಹಳೆ ಜೀಪಿನಲ್ಲಿ ಲಡಾಖಿಗೆ ಹೋಗಿಬರುವವನಿದ್ದ. ಎರಡು ವಾರದಲ್ಲಿ ಗಾಡಿ ತಯಾರಾಗಬೇಕು ಅಂದ. ಆತ್ರಿ ಮಾಲಕ ಅಂದೆ. ಎದುರಿಗೆ ನಾನು ಯಾವತ್ತೂ ಮರ್ಯಾದೆ ಬಿಟ್ಟವನಲ್ಲ.

ದರಿಬಡಚಿ ನನ್ನದೂ ಊರೇ. ಹದಿನೆಂಟು ವರ್ಷದ ಹಿಂದೆ, ಮಳೆ ಧೋ ಎಂದು ಹೊಯ್ದ ಒಂದು ಸಂಜೆ, ನನ್ನ ಹೆಂಡತಿ ಚಂದವ್ವನಿಗೆ ಚೊಚ್ಚಲ ಹೆರಿಗೆಯ ನೋವು ಬಂತು. ಜತ್ತದ ದವಾಖಾನೆಗೆ ಹೋಗಲು ಹಳ್ಳ ದಾಟಬೇಕು, ಹಳ್ಳಕ್ಕೆ ಸೊಂಟದವರೆಗೆ ನೀರು. ಅದನ್ನು ದಾಟುವ ತಾಕತ್ತಿದ್ದ ಗಾಡಿ ಊರಲ್ಲಿ ಮಾಲಕನ ಈ ಜೀಪೊಂದೇ. ನಾನು ಅವನ ಬಾಗಿಲಲ್ಲಿ ನಿಂತು ಕೈಮುಗಿದೆ. "ಫೋರ್‌ವೀಲ್ ಡಬ್ಬ್ಯಾಗಿನ ಗೇರ್ ಮುರದೈತೋ. ನಾಲ್ಕೂ ಗಾಲಿ ಎಳೀಲಿಲ್ಲಂದ್ರ ಗಾಡಿ ನಡು ಹಳ್ಳದಾಗ ನಿಲ್ತೈತಿ," ಅಂದ. ನಾನಾಗ ಗೌಂಡಿಯ ಕೈಕೆಳಗೆ ಕಲ್ಲು ಹೊರುವವನು; ಗ್ಯಾರೇಜಿನ ಕೆಲಸ ಕಲಿತದ್ದು ಆಮೇಲೆ. ಗೇರ್ ಎಂದರೇನೆಂದು ನನಗೇನು ಗೊತ್ತು? ನಂಬಿದೆ. ಎತ್ತಿನ ಗಾಡಿ ಕಟ್ಟಿಕೊಂಡು ಸುತ್ತು ದಾರಿಯಲ್ಲಿ ಹೋದೆವು. ದವಾಖಾನೆ ಮುಟ್ಟಿದಾಗ ಬೆಳಗಾಗಿತ್ತು. ಗಂಡು ಮಗು. ಅಳಲಿಲ್ಲ.

ಎತ್ತಿನ ಗಾಡಿಯಲ್ಲೇ ನಾನು ಚಂದವ್ವನಿಗೆ ಒಂದು ಮಾತು ಅಂದಿದ್ದೆ: "ಒಂದ ತಾಸ ಮೊದಲ ಹೇಳಿದ್ದರ ಹಳ್ಳಕ್ಕ ನೀರ ಬರೂದ್ರಾಗ ದಾಟತಿದ್ವಿ." ಅವತ್ತೊಂದೇ ದಿನ ಅಂದಿದ್ದರೆ ಸಂಕಟದ ಮಾತು ಎನ್ನಬಹುದಿತ್ತು. ಆಮೇಲೂ ಅಂದೆ. ಬಸ್ ತಪ್ಪಿದರೆ ಅಂದೆ, ರೊಟ್ಟಿ ತಡವಾದರೆ ಅಂದೆ. ನಿಂದು ಯಾವಾಗಲೂ ತಡ, ಆವತ್ತೂ ತಡ. ಅವಳು ಒಂದು ದಿನವೂ ಎದುರಾಡಲಿಲ್ಲ.

ಮಾಲಕ ಹೋದ ಮೇಲೆ ಜೀಪಿನ ಅಡಿಗೆ ಜಾರಿ, ನಾಲ್ಕೂ ಗಾಲಿಗೆ ಜೋರು ಹಂಚುವ ಆ ಗೇರ್ ಡಬ್ಬಿಯನ್ನು ಒರೆಸಿದೆ. ಬೋಲ್ಟಿನ ತಲೆಗೂ ಡಬ್ಬಿಯ ಮೈಗೂ ಸೇರಿಸಿ ಕಂಪನಿಯವರು ಹೊಡೆದ ಬಣ್ಣ ಒಂದೇ ಪದರವಾಗಿ ಕೂತಿತ್ತು. ಒಮ್ಮೆ ಪಾನಾ ಹಾಕಿದ್ದರೂ ಆ ಬಣ್ಣ ಒಡೆಯಬೇಕು. ಒಂದರಲ್ಲೂ ಒಡೆದಿರಲಿಲ್ಲ. ಮೊದಲ ಸಲ ಬಿಚ್ಚಿದವನು ನಾನೇ. ಒಳಗೆ ಎಲ್ಲ ಹಲ್ಲುಗಳೂ ನೆಟ್ಟಗಿದ್ದವು. ಮುರಿದ ಗೇರು ತಾನೇ ಕೂಡಿಕೊಳ್ಳುವುದಿಲ್ಲ. ಅಂದರೆ ಅದು ಮುರಿದೇ ಇರಲಿಲ್ಲ.

ಮೈ ಉರಿದುಹೋಯಿತು. ಬ್ರೇಕಿನ ಪೈಪು ಅರ್ಧ ಸಡಿಲು ಬಿಟ್ಟರೆ ಸಾಕು, ಯಾವುದೋ ಘಾಟಿನಲ್ಲಿ ಅವನ ಕಥೆ ಮುಗಿಯುತ್ತದೆ ಅನಿಸಿತು. ಸುಳ್ಳು ಹೇಳುವುದಿಲ್ಲ, ಎರಡು ದಿನ ಆ ಪೈಪಿನ ಕಡೆಗೇ ಕೈ ಹೋಗುತ್ತಿತ್ತು. ಆದರೆ ಪಕ್ಕದಲ್ಲಿ ಇಂದ್ರಾಬಾಯಿ ಇರುತ್ತಾಳೆ. ಅಲ್ಲದೆ ಸತ್ತವನು ಏನು ಒಪ್ಪಿಕೊಂಡಾನು? ನನಗೆ ಅವನ ಬಾಯಿಂದಲೇ ಮಾತು ಬೇಕಿತ್ತು, ನಾಲ್ಕು ಮಂದಿಯ ಎದುರು, ಚಂದವ್ವನ ಎದುರು.

ಹಾಗಾಗಿ ಎರಡು ವಾರ ಪ್ರಾಣ ಕೊಟ್ಟು ದುಡಿದೆ. ಕಮಾನ್ ಪಟ್ಟಿಗಳನ್ನು ಬದಲಿಸಿದೆ. ರೇಡಿಯೇಟರು ತೊಳೆಸಿದೆ. ಮೇಲೆ ಕ್ಯಾರಿಯರ್ ಕೂರಿಸಿ ಎರಡು ಹೆಚ್ಚಿನ ಟಾಯರು, ನಾಲ್ಕು ಡೀಸಲ್ ಕ್ಯಾನು ಬಿಗಿದೆ. ಚಳಿಯಲ್ಲೂ ಕೀಲಿ ತಿರುವಿದ ಒಂದೇ ಸಲಕ್ಕೆ ಚಾಲೂ ಆಗುವ ಹಾಗೆ ಹೊಸ ಬ್ಯಾಟರಿ ಹಾಕಿದೆ. ಕೊನೆಗೆ, ಹೊರಡುವ ದಿನ ಬೆಳಿಗ್ಗೆ, ಮುಂದಿನ ಗಾಲಿಗಳಿಗೆ ಜೋರು ಕೊಡುವ ಕಬ್ಬಿಣದ ಶಾಫ್ಟನ್ನು ಬಿಚ್ಚಿ, ಒರೆಸಿ, ಗೋಣಿಚೀಲದ ಮೇಲೆ ಇಟ್ಟೆ. ಅದಿಲ್ಲದೆಯೂ ಗಾಡಿ ಓಡುತ್ತದೆ, ಬರೀ ಹಿಂದಿನ ಎರಡು ಗಾಲಿಯ ಮೇಲೆ; ಆದರೆ ಲಡಾಖಿನ ಏರಿಗೆ ಅದು ಸಾಲದು.

ಚಂದವ್ವನಿಗೆ ಬುತ್ತಿ ತರಲು ಹೇಳಿ ಕರೆಸಿದ್ದೆ. ಯಾಕೆಂದು ಹೇಳಿರಲಿಲ್ಲ. ಬಸ್ಸಿಗೆ ಕಾದವರು, ಚಹಾದಂಗಡಿಯವರು, ದರಿಬಡಚಿಯಿಂದ ಕಳಿಸಿಕೊಡಲು ಬಂದವರು, ಎಲ್ಲ ಸೇರಿ ಮೂವತ್ತು ಜನ. ಹಾರ ಹಾಕಿಯಾಯಿತು, ಕಾಯಿ ಒಡೆದಾಯಿತು. ಆಗ ಮಾಲಕನ ಕಣ್ಣು ಗೋಣಿಚೀಲದ ಮೇಲೆ ಬಿತ್ತು.

"ಏ ಸಂಭಾ, ಮುಂದಿನ ಶಾಫ್ಟ್ ಯಾಕ ಹೊರಗೈತಿ?"

"ಹದಿನೆಂಟ ವರ್ಷದ ಹಿಂದ ಫೋರ್‌ವೀಲ್ ಕೆಟ್ಟೈತಿ ಅಂದಿದ್ರಲ್ರಿ ಮಾಲಕ, ಇಕಿ ನೋವು ತಿನ್ನೂ ಮುಂದ," ಎಂದು ಚಂದವ್ವನ ಕಡೆ ಕೈ ಮಾಡಿದೆ. "ನಿಮ್ಮ ಮಾತ ಸುಳ್ಳ ಆಗಬಾರದಂತ ಬಿಚ್ಚೀನ್ರಿ. ಆವತ್ತ ಗಾಡಿ ಚಲೋ ಇತ್ತು ಅಂತ ಇಷ್ಟ ಮಂದಿ ಮುಂದ ಹೇಳ್ರಿ, ಅರ್ಧ ತಾಸಿನ್ಯಾಗ ಜೋಡಸ್ತೀನಿ. ಇಲ್ಲಾಂದ್ರ ಹಿಂಗ ಹೋಗ್ರಿ ಲಡಾಖಿಗೆ."

ಚಂದವ್ವ ಬುತ್ತಿಯ ಗಂಟು ಹಿಡಿದು ಎದ್ದು ನಿಂತಳು. ಅವನ ತಲೆ ತಗ್ಗುವುದನ್ನು ನೋಡಲು ನಾನು ಕಣ್ಣು ಪಿಳುಕಿಸದೆ ಕಾದೆ.

"ಹೂಂ, ಚಲೋ ಇತ್ತು," ಅಂದ ಮಾಲಕ, ಯಾರೋ ಗಂಟೆ ಎಷ್ಟಾಯಿತೆಂದು ಕೇಳಿದ್ದಕ್ಕೆ ಹೇಳಿದ ಹಾಗೆ. "ಆವತ್ತ ಇನ್ನಾ ಹೊಸಾ ಸೀಟ ಹಾಕ್ಸಿದ್ದೆ. ಹೆರಿಗಿ ಹೆಣಮಗಳು, ಅದರಾಗ ನಿಮ್ಮ ಓಣಿಯವ್ರು. ಹ್ಯಾಂಗ ಕೂಡಿಸ್ಲಿ? ಆತಿಲ್ಲ? ಶಾಫ್ಟ್ ಹಾಕು ಲಗೂನ, ಬಿಸಲ ಏರತೈತಿ."

ಇಂದ್ರಾಬಾಯಿ ಮುಖ ಆಚೆ ತಿರುಗಿಸಿದಳು, ಅಷ್ಟೇ. ಹದಿನಾಲ್ಕು ದಿನ ಹಲ್ಲು ಕಚ್ಚಿ ಕಾದ ಮಾತು ಸಿಕ್ಕಿತ್ತು, ಆದರೆ ಅವನಿಗೆ ಒಂದು ಗೀರೂ ಆಗಿರಲಿಲ್ಲ. ಈಗಲಾದರೂ ಇವಳು ಅವನಿಗೆ ಹಿಡಿಶಾಪ ಹಾಕಲಿ ಎಂದು ಚಂದವ್ವನ ಕಡೆ ನೋಡಿದೆ.

ಅವಳು ಅವನನ್ನು ನೋಡುತ್ತಲೇ ಇರಲಿಲ್ಲ.

"ಅವ್ರು ಒಂದ ಸಲ ಸುಳ್ಳ ಹೇಳಿದ್ರು," ಅಂದಳು ನನಗೆ. "ನೀವು ಎಷ್ಟ ಸಲ ಅಂದ್ರಿ?"

ಮೂವತ್ತು ಜನರ ಕಣ್ಣುಗಳು ನನ್ನ ಕಡೆ ತಿರುಗಿದವು. ನಾನು ಶಾಫ್ಟು ಎತ್ತಿಕೊಂಡು ಜೀಪಿನ ಅಡಿಗೆ ನುಸುಳಿದೆ. ಅಲ್ಲಿಂದ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಒಂದೊಂದೇ ಬೋಲ್ಟು ಬಿಗಿದೆ. ಎಂಟೂ ಮುಗಿದವು. ಪಾದಗಳು ಕದಲಲಿಲ್ಲ.

"ತಪ್ಪ ನಿಂದಲ್ಲ ಚಂದವ್ವಾ," ಅಂದೆ ಅಡಿಯಿಂದಲೇ. "ನಾನ ಸುಮ್ಮಸುಮ್ಮನ ಅಂದೆ."

"ಹೊರಗ ಬಂದು ಹೇಳ್ರಿ," ಅಂದಳು.