ಕಂಬದ ನೆರಳಿನ ಸಾಲು

“ಜರುಗವ್ವಾ, ವಸಿ ಮುಂದಕ್ಕೆ ಜರುಗು. ನನ್ನ ಅರ್ಧ ಮೈ ಬಿಸ್ಲಲ್ಲೇ ಅದೆ” ಎಂದು ಹಿಂದಿನಿಂದ ಯಾರೋ ಗೊಣಗಿದರು. ಕೆಂಪಾಜಮ್ಮ ಹೂವಿನ ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿ ಒಂದು ಹೆಜ್ಜೆ ಮುಂದೆ ಹೋದಳು. ಅವಳು ಜರುಗಿದಳೆಂದು ಅವಳ ಹಿಂದಿನವಳು ಜರುಗಿದಳು, ಅವಳ ಹಿಂದೆ ಮತ್ತೊಬ್ಬಳು. ಸಾಲಿಗೆ ಸಾಲೇ ಹೈಮಾಸ್ಟ್ ದೀಪದ ಕಂಬದ ಬುಡಕ್ಕೆ ಒತ್ತಿಕೊಂಡಿತು. ದೂರದಿಂದ ನೋಡಿದವರಿಗೆ ರೇಷನ್ ಅಂಗಡಿಯ ಕ್ಯೂ ಅನ್ನಿಸಬೇಕು. ಆದರೆ ಅಲ್ಲಿ ಅಂಗಡಿಯೂ ಇರಲಿಲ್ಲ, ಅಳೆದು ಕೊಡುವವರೂ ಇರಲಿಲ್ಲ. ಇದ್ದದ್ದು ಒಂದು ಕಂಬ, ಆ ಕಂಬಕ್ಕೊಂದು ನೆರಳು. ನೆರಳಿನ ಅಗಲ ಸರಿಯಾಗಿ ಒಬ್ಬ ಹೆಂಗಸಿನಷ್ಟು.

ಅಗರದ ಕಡೆಯಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಲ್ಲಿ ಈ ಸ್ಟಾಪಿಗೆ ಗೋಣಿಮರ ಎಂದು ಹೆಸರು. ಕಂಡಕ್ಟರುಗಳು ಈಗಲೂ “ಗೋಣಿಮರ, ಗೋಣಿಮರ ಇಳೀರಿ” ಎಂದೇ ಕೂಗುತ್ತಾರೆ. ಹೊಸಬರು ಇಳಿದು ಸುತ್ತ ನೋಡಿ, ತಪ್ಪಿ ಇಳಿದೆವೇನೋ ಎಂದು ಗಾಬರಿಯಾಗುವುದೂ ಉಂಟು. ರಸ್ತೆ ಅಗಲ ಮಾಡಲು ಬಂದವರು ಹಿಂದಿನ ದೀಪಾವಳಿಯ ಹೊತ್ತಿಗೆ ಮರವನ್ನು ಕಡಿದು ಲಾರಿಗೆ ತುಂಬಿಕೊಂಡು ಹೋದರು. ಅದು ನಿಂತಿದ್ದ ಜಾಗದ ಪಕ್ಕದಲ್ಲೇ ಈ ಕಂಬ ಎದ್ದಿತು. ರಾತ್ರಿ ಇದರ ಬೆಳಕಿಗೆ ಆಕಾಶದ ಚುಕ್ಕಿಗಳೆಲ್ಲ ಮಾಯ. ಹಗಲು ಇದರಿಂದ ಜನಕ್ಕೆ ಆಗುವ ಉಪಕಾರವೆಂದರೆ ಈ ನೆರಳೊಂದೇ.

ಮರ ಇದ್ದಾಗ ಸಾಲು ಇರಲಿಲ್ಲ. ಅಷ್ಟು ದೊಡ್ಡ ನೆರಳಿರುವಾಗ ಸಾಲು ಯಾರಿಗೆ ಬೇಕು? ರಸ್ತೆಯ ಕಡೆಗೆ ಕಲ್ಲಿನ ಜಗಲಿ ಇತ್ತು, ಅಲ್ಲಿ ಊರಿನವರು ಕೂರುತ್ತಿದ್ದರು. ಹಿಂದುಗಡೆ ನೆಲದಿಂದ ಎದ್ದ ದಪ್ಪ ಬೇರುಗಳಿದ್ದವು, ಅಲ್ಲಿ ಕಾಲೊನಿಯವರು. ಹೀಗೇ ಕೂರಬೇಕೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಅದಕ್ಕೆ ಬೋರ್ಡು ಬೇಕಾಗಿಯೂ ಇರಲಿಲ್ಲ, ಮಾತು ಕಲಿಯುವ ಮೊದಲೇ ಮಕ್ಕಳು ಅದನ್ನು ಕಲಿಯುತ್ತಿದ್ದವು. ಕೆಂಪಾಜಮ್ಮ ಜಗಲಿಯ ಮೇಲೆ, ಚಿಕ್ಕಮಾದಮ್ಮ ಬೇರಿನ ಮೇಲೆ, ವರ್ಷಗಟ್ಟಲೆ ಒಂದೇ ಮಧ್ಯಾಹ್ನದ ಬಸ್ಸಿಗೆ ಕಾದಿದ್ದರು. ಕೆಂಪಾಜಮ್ಮ ಕೊಳ್ಳೇಗಾಲದಲ್ಲಿ ಹೂವು ಮಾರಲು ಹೋಗುವವಳು, ಚಿಕ್ಕಮಾದಮ್ಮ ಅಲ್ಲಿಯ ರೇಷ್ಮೆ ಹುರಿ ಮಾಡುವ ಕಾರ್ಖಾನೆಯ ಮಧ್ಯಾಹ್ನದ ಪಾಳಿಗೆ ಹೋಗುವವಳು. ಆದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಕಂಬದ ನೆರಳಿಗೆ ಜಗಲಿಯೂ ಇಲ್ಲ, ಹಿಂಭಾಗವೂ ಇಲ್ಲ. ಮೊದಲು ಬಂದವರು ಮೊದಲು. ಊರಿನ ಕೆಲವು ಹೆಂಗಸರು ಶುರುವಿನಲ್ಲಿ ದೂರ ಬಿಸಿಲಲ್ಲೇ ನಿಂತು ಗತ್ತು ತೋರಿಸಿದರು. ಬಿಸಿಲಿಗೆ ಗತ್ತು ಎಷ್ಟು ದಿನ ಬಾಳೀತು! ವಾರ ಕಳೆಯುವುದರೊಳಗೆ ಅವರೂ ಬಂದು ಸಾಲಿಗೆ ಸೇರಿಕೊಂಡರು. ಸಾಲಿನಲ್ಲಿ ಒಂದು ಅನುಕೂಲವೂ ಇತ್ತು. ನಿಂತವರಿಗೆ ಮುಂದಿನವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಹಿಂದೆ ನಿಂತವರು ಯಾರೆಂದು ತಿರುಗಿ ನೋಡಲೇಬೇಕೆಂದೇನೂ ಇಲ್ಲ.

ಸುಣ್ಣದ ಸಂಗತಿ ನಡೆದದ್ದೂ ಹಾಗೆಯೇ. ಕೆಂಪಾಜಮ್ಮನಿಗೆ ಬಸ್ಸು ಬರುವುದರೊಳಗೆ ಎಲೆಅಡಿಕೆ ಆಗಬೇಕು. ಒಂದು ದಿನ ಎಲೆ ಒರೆಸಿಕೊಂಡು ಸುಣ್ಣದ ಡಬ್ಬಿ ತೆರೆದರೆ ಒಳಗಿದ್ದದ್ದು ಒಣಗಿ ಕಲ್ಲಾಗಿತ್ತು. “ಥೂ ಇದ್ರ, ವಸಿ ಸುಣ್ಣ ಇದ್ರೆ ಕುಡ್ರವ್ವಾ” ಎಂದು ಮುಂದೆ ನೋಡಿಕೊಂಡೇ ಕೈಯನ್ನು ಬೆನ್ನ ಹಿಂದಕ್ಕೆ ಚಾಚಿದಳು. ತೋರುಬೆರಳ ತುದಿಗೆ ತಣ್ಣಗೆ ಸುಣ್ಣ ತಗುಲಿತು. ಎಲೆಗೆ ಸವರಿ, ಮಡಿಸಿ, ಬಾಯಿಗಿಟ್ಟು, ಎರಡು ಸಲ ಅಗಿದ ಮೇಲೆ ತಿರುಗಿ ನೋಡಿದಳು. ಕಾಲೊನಿಯ ಹೆಂಗಸು! ಉಗಿಯುವುದೋ ಅಗಿಯುವುದೋ ತಿಳಿಯದೆ ಒಂದು ಗಳಿಗೆ ಕೆನ್ನೆ ಉಬ್ಬಿಸಿಕೊಂಡು ನಿಂತಳು. ಆ ಹೆಂಗಸು ಏನೂ ಆಗದವಳ ಹಾಗೆ ಡಬ್ಬಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಸುಣ್ಣ ಮಾತ್ರ ಬಹಳ ಚೆನ್ನಾಗಿತ್ತು. ಕೆಂಪಾಜಮ್ಮ ಅಗಿದಳು.

“ಯಾವ ಸುಣ್ಣ ಕಣಮ್ಮಿ ಇದು?”

“ಮನೇಲೇ ಬೇಯಿಸ್ಕಳದು ಅಮ್ಮಾರೇ. ಕೆನೆಮೊಸ್ರು ಆಕಿ ನಾದ್ತೀನಿ.”

ಅಲ್ಲಿಂದ ಮುಂದೆ ಕೆಂಪಾಜಮ್ಮ ತನ್ನ ಡಬ್ಬಿಗೆ ಸುಣ್ಣ ತುಂಬಿಸುವುದನ್ನೇ ಬಿಟ್ಟಳು. ದಿನಾ ಮಧ್ಯಾಹ್ನ ಅವಳ ಹಿಂದೆ ಚಿಕ್ಕಮಾದಮ್ಮ ನಿಲ್ಲುವಳು, ಇವಳ ಕೈ ಹಿಂದಕ್ಕೆ ಹೋಗುವುದು, ಬೆರಳಿಗೆ ಸುಣ್ಣ ಬೀಳುವುದು. ಹೂವಿನ ಬುಟ್ಟಿಯಿಂದ ಒಂದು ಮೊಳ ಕಾಕಡ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುವುದು. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವಷ್ಟರಲ್ಲಿ ‘ಅಮ್ಮಾರೇ’ ಹೋಗಿ ‘ಅಕ್ಕ’ ಬಂದಿತ್ತು. ಯಾವ ದಿನ ಬಂತೆಂದು ಇಬ್ಬರಿಗೂ ನೆನಪಿಲ್ಲ. ಸ್ವಂತ ತಂಗಿ ಇಲ್ಲದ ಕೆಂಪಾಜಮ್ಮನಿಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹಿತವಾಗುತ್ತಿತ್ತು. ಮನೆಯಲ್ಲಿ ಮಾತ್ರ ಅವಳು ಅದನ್ನು ಬಾಯಿಬಿಟ್ಟಿರಲಿಲ್ಲ.

ಚಿಕ್ಕಮಾದಮ್ಮನ ಮಗಳು ಮೀನಾ ಕೊಳ್ಳೇಗಾಲದಲ್ಲಿ ಬಿ.ಎ. ಓದುತ್ತಿದ್ದಳು. ಅವ್ವನಿಗೆ ಅಕ್ಕನಾದವಳು ತನಗೆ ದೊಡ್ಡವ್ವ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಸಾಲು ಕಂಬಕ್ಕೆ ಒತ್ತಿಕೊಂಡ ಆ ಮಧ್ಯಾಹ್ನ ಅವಳು ಪಕ್ಕದಲ್ಲಿ ಬಿಸಿಲಲ್ಲೇ ನಿಂತು ಹಾಳೆಯ ಮೇಲೆ ಏನೋ ಗೀಚುತ್ತಿದ್ದಳು.

“ಮಾನವ ಭೂಗೋಳ ಅಂತ ಒಂದು ಪೇಪರ್ ಅದೆ ದೊಡ್ಡವ್ವ. ಜನ ಎಲ್ಲೆಲ್ಲಿ ಇರ್ತಾರೆ, ಯಾಕೆ ಅಲ್ಲೇ ಇರ್ತಾರೆ ಅಂತ ಬರೀಬೇಕು. ನಾನು ನಮ್ಮ ಸ್ಟಾಪನ್ನೇ ಬರೀತಾ ಇವ್ನಿ.”

“ಇದ್ರಲ್ಲಿ ಬರೆಯಾಕೆ ಏನಮ್ಮಿ ಅದೆ? ಬಸ್ಸು ಬತ್ತದೆ, ಅತ್ಕಂಡು ಓಯ್ತೀವಿ.”

“ಮರ ಇದ್ದಾಗ ನೀವು ಎಲ್ಲಿ ಕೂತ್ಕತಿದ್ರಿ?”

“ಜಗ್ಲಿ ಮ್ಯಾಲೆ.”

“ನಮ್ಮವ್ವ?”

ಕೆಂಪಾಜಮ್ಮ ಬಾಯಲ್ಲಿದ್ದ ಎಲೆಯನ್ನು ಇನ್ನೊಂದು ದವಡೆಗೆ ದೂಡಿದಳು. ನಿಜ ಹೇಳಬೇಕೆಂದರೆ ಅವಳಿಗೆ ಗೊತ್ತಿರಲಿಲ್ಲ. ಆ ಮರದ ಹಿಂದೆ ಏನಿದೆ ಎಂದು ಅವಳು ಒಂದು ದಿನವೂ ಬಗ್ಗಿ ನೋಡಿದವಳಲ್ಲ. “ಎಲ್ಲೋ ಕೂತ್ಕತಿದ್ಳೇನೋ, ನಂಗೇನು ಗೊತ್ತು” ಎಂದಳು.

“ಅಕ್ಕನ ಬೆನ್ನಿಂದೆಗೇ ಕೂತ್ಕತಿದ್ದೆ. ಮಧ್ಯ ಮರ ಇತ್ತು, ಅಷ್ಟೆ” ಎಂದಳು ಚಿಕ್ಕಮಾದಮ್ಮ. ಸಾಲಿನಲ್ಲಿ ಯಾರೋ ನಕ್ಕರು. ಕೆಂಪಾಜಮ್ಮನೂ ನಗಲು ನೋಡಿದಳು, ಆಗಲಿಲ್ಲ.

ಮೀನಾ ಹಾಳೆಯನ್ನು ಬ್ಯಾಗಿಗೆ ಸೇರಿಸಿದಳು. “ಯುಗಾದಿ ಕಳದ ಮೇಲೆ ಈ ನೆಳ್ಳೂ ಇರಕಿಲ್ಲ, ತಿಳ್ಕಳಿ. ಒಂದಿನ ಸೂರ್ಯ ಸರಿಯಾಗಿ ನಮ್ಮ ನೆತ್ತಿ ಮೇಲೇ ಬತ್ತಾನೆ. ಅವತ್ತು ಮಧ್ಯಾಹ್ನ ಯಾವುದಕ್ಕೂ ನೆಳ್ಳೇ ಬೀಳಲ್ಲ. ದೂರದ ದೇಶಗಳಲ್ಲಿ ಇಂಗೆ ಆಗೋದೇ ಇಲ್ವಂತೆ.”

“ನೆಳ್ಳಿಲ್ದಿದ್ರೆ ನಾವು ಎಲ್ಲಿ ನಿಂತ್ಕಳದು?” ಎಂದು ಒಬ್ಬಳು ಕೇಳಿದಳು.

“ತಂಗುದಾಣ ಕಟ್ಟುಸ್ತಾವ್ರಲ್ಲ, ಅದ್ರೊಳಗೆ ಕೂತ್ಕಳದು ಬುಡು” ಎಂದು ಇನ್ನೊಬ್ಬಳು ಉತ್ತರ ಕೊಟ್ಟಳು. ಕಂಬದ ಆಚೆ ಆಗಲೇ ಇಟ್ಟಿಗೆ ಇಳಿಸಿದ್ದರು. ಎಲ್ಲರಿಗೂ ಸಂತೋಷವಾಯಿತು. ಕೆಂಪಾಜಮ್ಮನಿಗೂ ಆಯಿತು.

ತಂಗುದಾಣ ಮುಗಿದದ್ದು ಯುಗಾದಿ ಕಳೆದ ಮೇಲೆ. ಟೇಪು ಕತ್ತರಿಸಿ, ಬೂಂದಿ ಹಂಚಿ, ಭಾಷಣ ಮಾಡಿದವರು ಕಾರು ಹತ್ತಿ ಹೋದರು. ಮೂರು ಗೋಡೆ, ಮೂರು ಗೋಡೆಗೂ ಒರಗಿದ ಸಿಮೆಂಟಿನ ಬೆಂಚು, ಮುಂದೆ ಮೆಟ್ಟಿಲು. ಕೂತವರ ಮುಖ ಕೂತವರಿಗೆಲ್ಲ ಕಾಣುವ ಹಾಗಿತ್ತು. “ಬಾರವ್ವ ಕೆಂಪಾಜಿ, ಇಲ್ಲಿ ಜಾಗ ಇಡ್ದಿವ್ನಿ” ಎಂದು ವಾರಗಿತ್ತಿ ದೊಡ್ಡಬಸಮ್ಮ ಬೆಂಚು ಬಡಿದು ಕರೆದಳು. ಕೆಂಪಾಜಮ್ಮ ಹೋಗಿ ಕುಳಿತಳು. ಪಕ್ಕದಲ್ಲಿ ಊರಿನವರು, ಎದುರಿಗೂ ಊರಿನವರು. ಕಾಲೊನಿಯ ಹೆಂಗಸರು ಮೆಟ್ಟಿಲ ಮೇಲೆ ಕುಳಿತರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮರವೇ ಮತ್ತೆ ಚಿಗುರಿ ನಿಂತಂತೆ ಅವರವರು ಅವರವರ ಜಾಗಕ್ಕೆ ಹೋಗಿ ಸೇರಿದ್ದರು.

ಎಲೆ ಒರೆಸಿಕೊಂಡ ಕೆಂಪಾಜಮ್ಮ ಅಭ್ಯಾಸಬಲದಿಂದ ಕೈಯನ್ನು ಹಿಂದಕ್ಕೆ ಚಾಚಿದಳು. ಬೆರಳು ಗೋಡೆಗೆ ತಗುಲಿತು. ಹೊಸದಾಗಿ ಬಳಿದಿದ್ದ ಗೋಡೆಯ ಬಿಳುಪು ಬೆರಳಿಗೆ ಮೆತ್ತಿಕೊಂಡಿತು. ಯಾರಾದರೂ ನೋಡಿದರೇನೋ ಎಂದು ಸೆರಗಿಗೆ ಒರೆಸಿಕೊಂಡಳು. ಅಷ್ಟರಲ್ಲಿ ಚಿಕ್ಕಮಾದಮ್ಮ ಮೆಟ್ಟಿಲ ಆಚೆಯಿಂದ ಹೂವಿನ ಬುಟ್ಟಿಯನ್ನು ಮುಂದಕ್ಕೆ ಚಾಚಿದ್ದಳು. ಬೂಂದಿ ಈಸಿಕೊಳ್ಳುವ ಗಡಿಬಿಡಿಯಲ್ಲಿ ಅದು ಕಂಬದ ಬಳಿಯೇ ಉಳಿದಿತ್ತು.

“ನಿಮ್ಮ ಬುಟ್ಟಿ ಅಲ್ಲೇ ಬುಟ್ಟಿದ್ರಿ ಅಮ್ಮಾರೇ.”

ಆ ಒಂದು ಮಾತು ಕೆಂಪಾಜಮ್ಮನ ಎದೆಗೆ ನಾಟಿತು. ಅವಳು ಬುಟ್ಟಿ ತೆಗೆದುಕೊಂಡಳು. ‘ಅಮ್ಮಾರೇ ಅನ್ಬ್ಯಾಡ’ ಎಂದು ಹೇಳಬಹುದಿತ್ತು. ದೊಡ್ಡಬಸಮ್ಮ ನೋಡುತ್ತಿದ್ದಳು, ಎದುರು ಬೆಂಚಿನವರೆಲ್ಲ ನೋಡುತ್ತಿದ್ದರು. ಅವಳು ಹೇಳಲಿಲ್ಲ.

ಮರುದಿನದಿಂದ ಚಿಕ್ಕಮಾದಮ್ಮ ಮೆಟ್ಟಿಲ ಹತ್ತಿರಕ್ಕೂ ಬರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಕಂಬದ ಬುಡದಲ್ಲಿ ಒಬ್ಬಳೇ ನಿಂತಳು. ಅವಳ ಓರಗೆಯವಳು ಕರೆದರೆ, “ಮೆಟ್ಲ ಮ್ಯಾಲೆ ಕೂರುವಂಗೆ ನನ್ನ ಕಾಲೇನೂ ನೋಯ್ತಾ ಇಲ್ಲ ಬುಡು” ಎಂದಳು. ಕಂಬದ ನೆರಳು ದಿನದಿಂದ ದಿನಕ್ಕೆ ಗಿಡ್ಡವಾಗುತ್ತ ಬಂದು ಅವಳ ಪಾದ ಮುಚ್ಚುವುದೂ ಕಷ್ಟವಾಗಿತ್ತು. ಒಳಗೆ ತಣ್ಣಗೆ ಕುಳಿತ ಕೆಂಪಾಜಮ್ಮನಿಗೆ ಅತ್ತ ನೋಡಲೂ ಆಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಕಣ್ಣು ಕೂಡಿದರೆ ಚಿಕ್ಕಮಾದಮ್ಮ ಕಿಟಕಿಯ ಕಡೆ ತಿರುಗುವಳು. ಮನೆಯಲ್ಲಿ ಸೊಸೆ ಯಶೋದ, “ಯಾಕತ್ತೆ, ಎಲೆಅಡ್ಕೆ ಅರ್ಧಕ್ಕೇ ಉಗೀತೀರಿ?” ಎಂದು ಕೇಳಿ, ಅಂಗಡಿಯಿಂದ ಸುಣ್ಣ ತಂದು ಅತ್ತೆಯ ಡಬ್ಬಿಗೆ ತುಂಬಿಸಿಟ್ಟಳು. ಅದನ್ನು ಹಾಕಿಕೊಂಡರೂ ಕೆಂಪಾಜಮ್ಮನ ಬಾಯಿಗೆ ರುಚಿ ಬರಲಿಲ್ಲ. ತನ್ನ ಮೇಲೆ ತನಗೇ ಬೇಸರ ಹುಟ್ಟಿದರೆ ಯಾವ ಸುಣ್ಣ ಏನು ಮಾಡೀತು?

ಹಾಗಿರುವಾಗ ಮೀನಾ ಹೇಳಿದ್ದ ಮಧ್ಯಾಹ್ನ ಬಂತು. ಅವಳು ಸ್ಟೀಲಿನ ನೀರಿನ ಬಾಟಲಿಯನ್ನು ಕಂಬದ ಹತ್ತಿರ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿ, ಫೋನು ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ನೆರಳು ಮಾಯವಾಗುವ ಫೋಟೋವನ್ನು ಕಾಲೇಜಿಗೆ ಕಳಿಸಬೇಕಿತ್ತು. ಮೆಟ್ಟಿಲ ಮೇಲಿದ್ದವರು ಎದ್ದು ಹೋಗಿ ಅವಳ ಸುತ್ತ ನೆರೆದರು. ಬೆಂಚಿನವರು ಕುಳಿತಲ್ಲಿಂದಲೇ ಕತ್ತು ಉದ್ದ ಮಾಡಿದರು. “ನೆಳ್ಳು ಓದ್ರೆ ಓಗ್ಲಿ, ನಮಗೇನು, ನಮ್ಮ ತಲೆ ಮ್ಯಾಲೆ ಮೋಲ್ಡ್ ಅದೆ” ಎಂದು ದೊಡ್ಡಬಸಮ್ಮ ಚಾವಣಿ ತೋರಿಸಿದಳು.

“ಬನ್ನಿ, ಬನ್ನಿ, ಓಯ್ತಾ ಅದೆ! ದೊಡ್ಡವ್—” ಎಂದು ಕೂಗಿದ ಮೀನಾ ತಂಗುದಾಣದ ಕಡೆ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಅವಳ ಅವ್ವ ಆ ಕಡೆ ನೋಡಲೂ ಇಲ್ಲ.

ಕೆಂಪಾಜಮ್ಮ ಎದ್ದಳು. ಬುಟ್ಟಿಯನ್ನು ಬೆಂಚಿನ ಮೇಲೆ ಬಿಟ್ಟು ಮೆಟ್ಟಿಲಿಳಿದಳು.

“ಎಲ್ಲಿಗವ್ವಾ, ಈ ಸುಡುಬಿಸ್ಲಲ್ಲಿ?” ಎಂದು ದೊಡ್ಡಬಸಮ್ಮ ಕೇಳಿದಳು.

“ನೆಳ್ಳಿಗೆ” ಎಂದಳು ಕೆಂಪಾಜಮ್ಮ.

ಕಂಬದ ಹತ್ತಿರ ನೆರಳೇನೂ ಇರಲಿಲ್ಲ. ಅವಳು ನೆಟ್ಟಗೆ ಹೋಗಿ ಚಿಕ್ಕಮಾದಮ್ಮನ ಮುಂದೆ, ತಾನು ದಿನಾ ನಿಲ್ಲುತ್ತಿದ್ದ ಜಾಗದಲ್ಲಿ, ಅವಳಿಗೆ ಬೆನ್ನು ಮಾಡಿ ನಿಂತಳು. ಬಿಸಿಲು ನೆತ್ತಿಯೊಳಗೆ ಇಳಿಯಿತು. ಮಡಿಲಿನಿಂದ ಎಲೆ ತೆಗೆದು ಒರೆಸಿ, ಕೈಯನ್ನು ಹಿಂದಕ್ಕೆ ಚಾಚಿದಳು. ಬೆರಳಿಗೆ ಏನೂ ಬೀಳಲಿಲ್ಲ.

“ಸೊಂಟದಲ್ಲಿ ಡಬ್ಬಿ ಅದಲ್ಲ” ಎಂದಿತು ಹಿಂದಿನ ದನಿ.

“ಒಣಗೋಗದೆ” ಎಂದಳು ಕೆಂಪಾಜಮ್ಮ. ಅದು ಶುದ್ಧ ಸುಳ್ಳು.

ಚಾಚಿದ ಕೈ ಹಾಗೇ ಇತ್ತು. ಬಸ್ಸಿನ ಸುಳಿವಿರಲಿಲ್ಲ. ಕೊನೆಗೆ ಚಿಕ್ಕಮಾದಮ್ಮ ಬಾಯಿಬಿಟ್ಟಳು.

“ಬೇಕಾದ್ರೆ ಈ ಕಡೆ ತಿರುಗ್ಕಂಡು ಕೇಳಿ.”

ಬೆಂಚಿನವರೆಲ್ಲ ಕೆಂಪಾಜಮ್ಮನನ್ನೇ ನೋಡುತ್ತಿದ್ದರು. ಅವಳಿಗೆ ಭಯವಾಯಿತು. ಭಯಪಟ್ಟುಕೊಂಡೇ ತಿರುಗಿದಳು. ಎದುರಿಗಿದ್ದ ಮುಖ ಬಿಸಿಲಿಗೆ ಕಪ್ಪಾಗಿತ್ತು. ಎಡಗಡೆಯ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ ಇತ್ತು. ಇಷ್ಟು ದಿನ ಜೊತೆಗೆ ನಿಂತಿದ್ದರೂ ಅದನ್ನು ಅವಳು ಕಂಡಿರಲಿಲ್ಲ.

“ವಸಿ ಸುಣ್ಣ ಕುಡು, ಮಾದಮ್ಮ” ಎಂದಳು. ದೊಡ್ಡಬಸಮ್ಮನವರೆಗೂ ಕೇಳಿಸುವಷ್ಟು ಜೋರಾಗಿಯೇ ಇತ್ತು ಅದು.

ಚಿಕ್ಕಮಾದಮ್ಮ ಅವಸರ ಮಾಡಲಿಲ್ಲ. ಡಬ್ಬಿ ತೆಗೆದು, ಮುಚ್ಚಳ ತಿರುವಿ, ಉಗುರಿನಿಂದ ಒಂದಿಷ್ಟು ಕೆರೆದು ಕೆಂಪಾಜಮ್ಮನ ಬೆರಳಿನ ಮೇಲೆ ಇಟ್ಟಳು.

“ಜಾಸ್ತಿ ಆಕ್ಕಬ್ಯಾಡ ಕಣಕ್ಕ, ಬಾಯಿ ಸುಟ್ಟೋಯ್ತದೆ.”

ಅವರ ಪಕ್ಕದಲ್ಲಿ ಮೀನಾ ಫೋನನ್ನು ನೆಲದ ಹತ್ತಿರಕ್ಕೆ ಹಿಡಿದು ಬಗ್ಗಿದ್ದಳು. ಬಾಟಲಿಯ ಸುತ್ತ ಬರೀ ಬೆಳಕಿತ್ತು. ಫೋಟೋದ ಒಂದು ಮೂಲೆಯಲ್ಲಿ ಎದುರುಬದುರಾಗಿ ನಿಂತ ಎರಡು ಜೊತೆ ಪಾದಗಳೂ ಬಂದವು.